ಊಟದ ಗೋಡೆಯ ಎದುರು ಊಟ ಮಾಡುವ ಬಗ್ಗೆ

ಗೋಡೆ, ಕಾಂಪೌಂಡು ಮತ್ತು ಇತರೆ ನಿಶ್ಚಲ ಆಸ್ತಿಗಳ ನಿರ್ವಹಣಾ ಇಲಾಖೆ
(ಗೋಡೆ ವಿಭಾಗ, ಹೊರಮೈ ಶಾಖೆ)

ಸಂಖ್ಯೆ: ಗೋಕಾನಿ/ಹೊರಮೈ/ಊಟ/ಬಿಸಿ-2

ಸುತ್ತೋಲೆ

ವಿಷಯ: ಇಲಾಖೆಯ ಉಗ್ರಾಣದ ಹಿಂಬದಿ ಗೋಡೆಯ ಮೇಲಿರುವ ಊಟದ ಚಿತ್ರದ ಎದುರು ಸಾರ್ವಜನಿಕರೂ ಸಿಬ್ಬಂದಿಯೂ ನಿಜವಾದ ಊಟ ಮಾಡುತ್ತಿರುವ ಬಗ್ಗೆ.

ಉಲ್ಲೇಖ:
1. ಕಚೇರಿ ಕ್ಯಾಂಟೀನ್ ಗುತ್ತಿಗೆದಾರರ ದೂರು.
2. ಸದರಿ ಗುತ್ತಿಗೆದಾರರ ಅಡುಗೆಯ ಬಗ್ಗೆ ಸಿಬ್ಬಂದಿಯ ದೂರು.
3. ಹಿರಿಯ ಪರಿವೀಕ್ಷಕರ ಸ್ಥಳ ತನಿಖಾ ವರದಿ ಮತ್ತು ಅದಕ್ಕೆ ಅವರ ತಾಯಿಯವರು ಬಾಯಿಮಾತಿನಲ್ಲಿ ಸೂಚಿಸಿದ ತಿದ್ದುಪಡಿಗಳು.
4. ಈರುಳ್ಳಿ ಹುರಿದ ವಾಸನೆ (ಕಿಟಕಿಯ ಮೂಲಕ ಸ್ವೀಕೃತ).

ಪ್ರಸ್ತಾವನೆ:

ಮೇಲ್ಕಂಡ ವಿಷಯದ ಬಗ್ಗೆ ನಿಯಮಗಳನ್ನು ಹೊರಡಿಸುವ ಮುನ್ನ, ಅವು ಬೇಕಾದದ್ದಾದರೂ ಏಕೆಂಬುದನ್ನು ಎಲ್ಲರ ಗಮನಕ್ಕೆ ತರುವುದು ಅವಶ್ಯವೆಂದು ಕಂಡುಬಂದಿದೆ. ಏಕೆಂದರೆ ನಡೆದ ಸಂಗತಿಯು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಪ್ರತಿ ಮಹಡಿಯಲ್ಲೂ ಉಪ್ಪುಖಾರ ಹಚ್ಚಿಸಿಕೊಂಡು ಬೇರೆಯೇ ಆಗುತ್ತಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಕೆಳಗೆ ವಿವರಿಸಲಾಗಿದೆ.

ಉಗ್ರಾಣದ ಹಿಂಬದಿ ಗೋಡೆಯು ಉದ್ದವಾಗಿಯೂ ಬೋಳಾಗಿಯೂ ಇದ್ದ ಕಾರಣ, ಅದರ ಮೇಲೆ ‘ಸಾಲಿನಲ್ಲಿ ನಿಲ್ಲಿರಿ’ ಎಂಬ ಸಂದೇಶ ಸಾರುವ ಚಿತ್ರವೊಂದನ್ನು ಮಾಡಿಸಲು ಮಂಜೂರಾತಿ ನೀಡಲಾಗಿತ್ತು. ಟೈಲ್ಸ್ ಚೂರು ಜೋಡಿಸಿ ಚಿತ್ರ ಮಾಡುವ ಹೆಂಗಸೊಬ್ಬರಿಗೆ ಕೆಲಸ ವಹಿಸಲಾಯಿತು. ಅವರನ್ನು ಆ ಬೀದಿಯವರು ಚೂರಮ್ಮ ಎನ್ನುತ್ತಾರೆ. ಇಲಾಖೆಯು ಅವರಿಗೆ ಗೋಡೆ ಕೊಟ್ಟಿತು, ಏಣಿ ಕೊಟ್ಟಿತು, ಸಂದೇಶವನ್ನೂ ಕೊಟ್ಟಿತು. ಟೈಲ್ಸ್ ಮಾತ್ರ ಕೊಡಲಿಲ್ಲ. ಅದರ ಖರೀದಿಯ ಕಡತವು ಈಗಲೂ ಚಲನೆಯಲ್ಲಿದೆ.

ಕಾದು ಕಾದು ಸಾಕಾದ ಚೂರಮ್ಮ, ಬೀದಿಯ ಮನೆಮನೆಗೂ ಹೋಗಿ ಒಡೆದ ತಟ್ಟೆ ಬಟ್ಟಲು ಕೇಳಿದರು. ಆ ಬೀದಿಯಲ್ಲಿ ಹುಟ್ಟಿ ಬೆಳೆದ ಹಿರಿಯರು ಯಾರೂ ಇಲ್ಲ. ಎಲ್ಲರೂ ಬೇರೆ ಬೇರೆ ಕಡೆಯಿಂದ ಬಂದವರು. ಕೆಲವರು ಹಡಗಿನಲ್ಲಿ, ಕೆಲವರು ಲಾರಿಯಲ್ಲಿ, ಕೆಲವರು ಕಾಲ್ನಡಿಗೆಯಲ್ಲಿ. ಹೇಗೆ ಬಂದೆವೆಂದು ಹೇಳಲು ಇಷ್ಟಪಡದವರೂ ಇದ್ದಾರೆ. ಬರುವಾಗ ಬಟ್ಟೆಯಲ್ಲಿ ಸುತ್ತಿ ತಂದಿದ್ದ ತಟ್ಟೆಗಳು ಒಂದಲ್ಲ ಒಂದು ದಿನ ಕೈಜಾರಿ ಒಡೆದಿದ್ದವು. ಎಸೆಯಲು ಮನಸ್ಸಿರಲಿಲ್ಲ, ಇಟ್ಟುಕೊಂಡು ಮಾಡುವುದೇನೂ ಇರಲಿಲ್ಲ. ಚೂರು ಕೊಟ್ಟವರು ಸುಮ್ಮನೆ ಕೊಡಲಿಲ್ಲ; ಆ ತಟ್ಟೆಯಲ್ಲಿ ಏನು ಬಡಿಸುತ್ತಿದ್ದರು, ಯಾರು ಬಡಿಸುತ್ತಿದ್ದರು, ಎಷ್ಟು ಬಡಿಸಿದರೂ ಯಾರಿಗೆ ಸಾಲುತ್ತಿರಲಿಲ್ಲ ಎಂಬುದನ್ನೆಲ್ಲ ಹೇಳಿಯೇ ಕೊಟ್ಟರು. ಹೀಗಾಗಿ ಗೋಡೆಯ ಮೇಲೆ ಸಾಲಿನಲ್ಲಿ ನಿಲ್ಲಬೇಕಾಗಿದ್ದವರೆಲ್ಲ, ಚಿತ್ರ ಒಂದು ರೂಪಕ್ಕೆ ಬರುವ ಹೊತ್ತಿಗೆ, ಒಂದು ಉದ್ದನೆಯ ಮೇಜಿನ ಸುತ್ತ ಕುಳಿತು ಉಣ್ಣುತ್ತಿದ್ದರು.

ಆಗಲೂ ಇಲಾಖೆಯು ಆತಂಕಪಡಲಿಲ್ಲ. ಒಂದು ಮಧ್ಯಾಹ್ನ ಮೂಟೆ ಹೊರುವವರೊಬ್ಬರು ಆ ಗೋಡೆಯ ಬುಡದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಪಕ್ಕದ ಮನೆಯವರು ಉಪ್ಪಿನ ಡಬ್ಬಿ ತಂದರು. ಅದರ ಹಿಂದೆಯೇ ಒಂದು ಪಾತ್ರೆ, ಪಾತ್ರೆಯ ಹಿಂದೆ ಸೌಟು, ಸೌಟಿನ ಹಿಂದೆ ಇಡೀ ಬೀದಿ ಬಂತು. ಅಂದಿನಿಂದ ಮಧ್ಯಾಹ್ನವಾದರೆ ಯಾರು ಏನು ಬೇಯಿಸಿದರೋ ಅದು ಕಟ್ಟೆಗೆ ಬರುತ್ತದೆ. ಯಾರು ಹಸಿದಿದ್ದಾರೋ ಅವರೂ ಬರುತ್ತಾರೆ. ಹಾಗೆ ಬಂದವರಲ್ಲಿ ಕಚೇರಿಯ ಸಿಬ್ಬಂದಿಯೂ ಇದ್ದರು. ಬಾಗಿಲಿನಿಂದ ಹೋದರೆ ಹಾಜರಿ ಕೇಳುತ್ತಾರೆಂದು ಅವರು ಕಿಟಕಿಯಿಂದ ಇಳಿಯುತ್ತಿದ್ದರು. ಕ್ಯಾಂಟೀನಿನಲ್ಲಿ ನೊಣಗಳೂ ಇಲ್ಲದ ಸ್ಥಿತಿ ಉಂಟಾಗಿ, ಗುತ್ತಿಗೆದಾರರು ದೂರು ಸಲ್ಲಿಸಿದರು.

ತನಿಖೆಗೆ ಹಿರಿಯ ಪರಿವೀಕ್ಷಕರನ್ನು ನೇಮಿಸಲಾಯಿತು. ಇಲಾಖೆಯಲ್ಲಿ ‘ಟೇಪು’ ಎಂದೇ ಪರಿಚಿತರಾದ ಇವರು ಸೊಂಟದ ಅಳತೆ ಟೇಪನ್ನು ಮದುವೆಮನೆಯಲ್ಲೂ ಬಿಚ್ಚಿಟ್ಟವರಲ್ಲ. ಹೊರಗೆ ಹೋದರೆ ಇನ್ನೊಬ್ಬರ ಮನೆಯ ನೀರೂ ಕುಡಿಯರು; ನೀರು ಕುಡಿದರೆ ನಾಲಿಗೆಗೆ ಮುಲಾಜು ಹತ್ತುತ್ತದೆ ಎಂಬುದು ಅವರ ಅಭಿಪ್ರಾಯ. ಅವರು ತೀರ್ಮಾನಿಸಬೇಕಾಗಿದ್ದುದು ಇಷ್ಟೇ: ಗೋಡೆಯ ಮೇಲಿರುವುದು ಚಿತ್ರವೋ, ಮೇಜೋ? ಚಿತ್ರವಾದರೆ ಅದರೆದುರು ಎಂಜಲು ಮಾಡುವಂತಿಲ್ಲ. ಮೇಜಾದರೆ ಅದನ್ನು ಅನುಮತಿಯಿಲ್ಲದೆ ರಸ್ತೆಯಲ್ಲಿ ಇಡುವಂತಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ಸುಣ್ಣ ಬಳಿಯುವುದೆಂದು ಮೇಲಿನಿಂದ ಆಗಲೇ ನಿರ್ಧಾರವಾಗಿತ್ತು.

ಪರಿವೀಕ್ಷಕರು ಸ್ಥಳಕ್ಕೆ ಹೋದಾಗ ಬೇಕರಿಯ ಮುದುಕರೊಬ್ಬರು, ಬೀದಿಯವರ ಬಾಯಲ್ಲಿ ರೊಟ್ಟಿ ತಾತ, ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು.

“ಬನ್ನಿ ಸಾರ್, ಕೂತ್ಕೊಳ್ಳಿ.”

“ನಾನು ತಿನ್ನೋಕೆ ಬಂದಿಲ್ಲ. ಅಳೆಯೋಕೆ ಬಂದಿದೀನಿ.”

“ಅಳೀರಿ, ಅಳೀರಿ. ಅಳೆದು ಹಸಿವಾದ್ಮೇಲೆ ಕೂತ್ಕೊಳ್ಳಿ.”

ಪರಿವೀಕ್ಷಕರು ಮೇಜಿನ ಉದ್ದ ಅಳೆದರು, ಉಣ್ಣುತ್ತಿರುವವರ ಮೊಣಕೈಗಳ ಅಂತರ ಅಳೆದರು. ಒಂದು ತಟ್ಟೆಯ ಬಳಿ ಅವರ ಟೇಪು ನಿಂತಿತು. ಬಿಳಿ ಪಿಂಗಾಣಿಯ ಚೂರುಗಳಲ್ಲಿ, ಮಡಚಿದ ಕಿವಿಯಂಥ ಏನನ್ನೋ ಅಲ್ಲಿ ಜೋಡಿಸಲಾಗಿತ್ತು. “ಇದೇನಿದು?” ಎಂದು ಕೇಳಿದ್ದೇ ತಪ್ಪಾಯಿತು. ರೊಟ್ಟಿ ತಾತ ಒಂದು ಹೆಸರು ಹೇಳಿದರು. ಎದುರು ಕುಳಿತ ಹೊಲಿಗೆಯವರು ಇನ್ನೊಂದು ಹೇಳಿದರು. ಮೂಟೆಯವರು ಮೂರನೆಯದನ್ನು ಹೇಳಿ, ಉಳಿದವರೆಲ್ಲ ತಮ್ಮ ಅಜ್ಜಿಯಿಂದಲೇ ಕದ್ದು ಕಲಿತದ್ದೆಂದು ಸೇರಿಸಿದರು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯು ಸದರಿ ಬೀದಿಗೆ ಅನ್ವಯಿಸುವುದಿಲ್ಲವೆಂದು ಇಲ್ಲಿ ದಾಖಲಿಸಲಾಗಿದೆ. ಅಲ್ಲಿ ಎರಡನ್ನೂ ಬಲ್ಲವರೇ ಜಗಳವಾಡುತ್ತಿದ್ದರು. ಯಾರ ಪಕ್ಷವನ್ನೂ ವಹಿಸಬಾರದೆಂದು ಪರಿವೀಕ್ಷಕರು ‘ಒಳಗೆ ಏನನ್ನೋ ತುಂಬಿ ಆವಿಯಲ್ಲಿ ಬೇಯಿಸಿದ ಹಿಟ್ಟಿನ ವಸ್ತು’ ಎಂದು ಬರೆದುಕೊಂಡು ಹೊರಟರು. ಏನನ್ನೂ ಮುಟ್ಟಲಿಲ್ಲ.

ಇಲ್ಲಿ ಪರಿವೀಕ್ಷಕರ ಮನೆಯ ಸಂಗತಿಯನ್ನು ಹೇಳಬೇಕಾಗಿ ಬಂದಿರುವುದಕ್ಕೆ ವಿಷಾದಿಸಲಾಗಿದೆ. ಅವರ ತಾಯಿಯವರು (ಇನ್ನು ಮುಂದೆ ‘ಸದರಿ ತಾಯಿ’ ಎಂದು ಉಲ್ಲೇಖಿಸಲಾಗುವುದು) ದೂರದಿಂದ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಈ ಊರಿಗೆ ಬಂದವರು. ಆ ಕೂಸೇ ಪರಿವೀಕ್ಷಕರು. ಬಿಟ್ಟು ಬಂದ ಕಡೆಯ ನೆನಪು ಅವರಿಗಿಲ್ಲ. ಅಲ್ಲಿನ ಭಾಷೆಯಲ್ಲಿ ‘ಬಾ’, ‘ಸಾಕು’, ‘ಮಲಗು’ ಎಂಬ ಮಾತುಗಳಷ್ಟೇ ಅವರಿಗೆ ಗೊತ್ತು. ಸದರಿ ತಾಯಿಗೆ ಆ ಭಾಷೆಯಲ್ಲಿ ಮಾತಿಗೆ ಒಬ್ಬ ಗೆಳತಿ ಇದ್ದರು. ಆಕೆ ತೀರಿಕೊಂಡ ಮೇಲೆ ಮಾತು ಕಡಿಮೆಯಾಯಿತು, ಮಾತಿನ ಹಿಂದೆಯೇ ಊಟವೂ ಕಡಿಮೆಯಾಯಿತು. ಸೊಸೆ ಏನೇ ಮಾಡಿ ಬಡಿಸಿದರೂ ಎರಡು ತುತ್ತಿಗೆ ‘ಸಾಕು’. ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ವಯಸ್ಸಿನ ಮೇಲೆ ತಪ್ಪು ಹೊರಿಸಿ ಹೋಗಿದ್ದರು.

ವರದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡುವುದು ಪರಿವೀಕ್ಷಕರ ರೂಢಿ. ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತದೆ. ಆ ಸಂಜೆ ‘ಹಿಟ್ಟಿನ ವಸ್ತು’ ಎಂಬಲ್ಲಿಗೆ ಬಂದಾಗ, ಗೋಡೆಯ ಕಡೆ ತಿರುಗಿ ಮಲಗಿದ್ದ ಸದರಿ ತಾಯಿ ಈ ಕಡೆ ತಿರುಗಿದರು.

“ಏನಂದೆ?”

“ವಸ್ತು ಅಂದೆ ಅಮ್ಮ. ಕಚೇರಿ ಭಾಷೆ.”

“ಬಾಯಿಗೆ ಹಾಕ್ಕೊಳ್ಳೋದನ್ನ ವಸ್ತು ಅಂತಾರೇನೋ? ಅಂಚು ಹೇಗಿತ್ತು? ಮಡಚಿದ್ರಾ, ತಿರುಚಿದ್ರಾ?”

“ಉದ್ದ ಅಗಲ ಬರ್ಕೊಂಡಿದೀನಿ. ಅಂಚು ನೋಡ್ಲಿಲ್ಲ.”

“ಅಂಚು ನೋಡ್ದೆ ಅದೇನು ತನಿಖೆ ಮಾಡ್ದೆ ನೀನು!” ಎಂದು ಸದರಿ ತಾಯಿ ಎದ್ದು ಕುಳಿತರು. “ನಾಳೆ ನಾನೂ ಬರ್ತೀನಿ. ಚಪ್ಪಲಿ ಹುಡುಕಿಡು.”

ಸ್ಥಳ ತನಿಖೆಗೆ ಕುಟುಂಬದವರನ್ನು ಕರೆದೊಯ್ಯಲು ಇಲಾಖಾ ನಿಯಮಗಳಲ್ಲಿ ಅವಕಾಶವಿಲ್ಲ. ಸದರಿ ತಾಯಿಗೆ ಆಗುವುದಿಲ್ಲ ಎನ್ನಲು ಪರಿವೀಕ್ಷಕರ ಮನೆಯ ನಿಯಮಗಳಲ್ಲಿ ಅವಕಾಶವಿಲ್ಲ. ಎರಡನೆಯದು ಮೇಲುಗೈ ಸಾಧಿಸಿತು.

ಮಾರನೆಯ ದಿನ ಸದರಿ ತಾಯಿ ಕೋಲೂರಿಕೊಂಡು ಬಂದು, ಯಾರನ್ನೂ ಮಾತಾಡಿಸದೆ, ನೇರವಾಗಿ ಗೋಡೆಯ ಬಳಿ ಹೋಗಿ ಬಿಳಿ ಚೂರುಗಳ ಮೇಲೆ ಬೆರಳಾಡಿಸಿದರು. ಆಮೇಲೆ ತೀರ್ಪು ಕೊಟ್ಟರು: “ತಪ್ಪು. ಅಂಚು ತಿರುಚ್ಬೇಕು. ಇದು ಮಡಚಿರೋದು.”

“ನಮ್ಮನೇಲಿ ಮಡಚೋದೇ ತಾಯಿ,” ಎಂದರು ರೊಟ್ಟಿ ತಾತ.

“ಮಡಚಿದ್ರೆ ಬೇಯುವಾಗ ಬಾಯಿ ಬಿಡತ್ತೆ.”

“ನಮ್ದು ಬಿಡಲ್ಲ.”

“ಅದರ ಪಾಲಿನ ಬಾಯನ್ನೂ ನೀವೇ ಬಿಡ್ತಿದೀರಲ್ಲ, ಇನ್ನೇನು.”

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ರೊಟ್ಟಿ ತಾತ ಪಾತ್ರೆಯ ಮುಚ್ಚಳ ತೆಗೆದು, ಬಿಸಿಬಿಸಿಯಾದ ಒಂದನ್ನು ಬಟ್ಟಲಿಗೆ ಹಾಕಿ ಮುಂದಿಟ್ಟರು. ಸದರಿ ತಾಯಿ ಅದನ್ನು ತಿರುಗಿಸಿ ನೋಡಿದರು, ಮೂಸಿ ನೋಡಿದರು, ಕಚ್ಚಿದರು. “ಉಪ್ಪು ಕಮ್ಮಿ” ಎಂದವರು, ಪೂರ್ತಿ ಮುಗಿಸಿ, ಯಾರೂ ಕೇಳದೆಯೇ ಕೈಚಾಚಿ ಇನ್ನೊಂದನ್ನು ತೆಗೆದುಕೊಂಡರು. ಪರಿವೀಕ್ಷಕರ ಕೈಯಲ್ಲಿದ್ದ ಟೇಪು ಸರ್ರನೆ ಸುರುಳಿಯಾಗಿ ಒಳಗೆ ಹೋಯಿತು. ಆ ಹೊತ್ತಿನ ಟಿಪ್ಪಣಿಯಲ್ಲಿ ಅವರು ಬರೆದಿರುವುದು ‘ಅಮ್ಮ ಇನ್ನೊಂದು ತಗೊಂಡ್ರು’ ಎಂದು ಮಾತ್ರ. ಇದು ಕಚೇರಿ ಭಾಷೆಯಲ್ಲವೆಂದು ಅವರಿಗೆ ತಿಳಿಹೇಳಲಾಗಿದೆ.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಉಪ್ಪಿನ ಮಾತು ರೊಟ್ಟಿ ತಾತನಿಗೆ ನಾಟಿತ್ತು. ಮಾತಿಗೆ ಮಾತು ಬೆಳೆದು ಸದರಿ ತಾಯಿಗೆ ಕೋಪ ನೆತ್ತಿಗೇರಿ, ತಮ್ಮ ಹುಟ್ಟೂರಿನ ಭಾಷೆಯಲ್ಲಿ ಒಂದು ಮಾತು ಅಂದುಬಿಟ್ಟರು. (ಅರ್ಥ ದಾಖಲೆಯಲ್ಲಿಲ್ಲ. ಮಕ್ಕಳ ಮುಂದೆ ಆಡುವ ಮಾತಲ್ಲವೆಂದು ಧ್ವನಿಯಿಂದ ಊಹಿಸಲಾಗಿದೆ.)

ರಸ್ತೆಯ ಆಚೆ ಬದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಲ್ಲಿ ದೀಪದ ಕಂಬದ ಪಕ್ಕ ಒಬ್ಬ ಎಳೆಯ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಊರಿಗೆ ಹೊಸಬಳು. ಕೆಲವು ದಿನಗಳಿಂದ ಊಟದ ಹೊತ್ತಿಗೆ ಬಂದು ಅಲ್ಲಿಯೇ ನಿಲ್ಲುತ್ತಿದ್ದಳು, ಯಾರು ಕೈಬೀಸಿ ಕರೆದರೂ ಇತ್ತ ಬರುತ್ತಿರಲಿಲ್ಲ. ಅವಳ ಮಾತು ಬೀದಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಬೀದಿಯ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ. ಈಗ ಬೈಗುಳ ತಿಳಿದಿತ್ತು. ನಕ್ಕ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತಿದ್ದ ಅವಳನ್ನು ಸದರಿ ತಾಯಿ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಮಾತು ಕೇಳಿದರು. ಅವಳು ಉತ್ತರ ಕೊಟ್ಟಳು. ಸದರಿ ತಾಯಿಯ ಕೋಲು ಕೆಳಗೆ ಬಿತ್ತು.

ಆಮೇಲೆ ಅವರಿಬ್ಬರೂ ಆಡಿದ್ದನ್ನು ವರದಿ ಮಾಡಲು ಪರಿವೀಕ್ಷಕರಿಗೆ ಸಾಧ್ಯವಾಗಿಲ್ಲ. ಅವರಿಗೆ ಅರ್ಥವಾದದ್ದು ಮೊದಲಿನ ‘ಬಾ’ ಒಂದೇ; ಅದಕ್ಕೆ ಅವಳು ರಸ್ತೆ ದಾಟಿ ಬಂದಳು. ಉಳಿದದ್ದು ಮಳೆ ಸುರಿದ ಹಾಗೆ ಸುರಿಯಿತು. ತಮ್ಮ ತಾಯಿಗೆ ಇಷ್ಟು ಬೇಗ ಬೇಗ ಮಾತಾಡಲು ಬರುತ್ತದೆಂದು, ಮಾತಿನ ನಡುವೆ ಹುಡುಗಿಯ ಹಾಗೆ ತೊಡೆ ತಟ್ಟಿ ನಗುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಪಕ್ಕದಲ್ಲಿ ನಿಂತು, ಗುರುತಿನವರ ಮನೆಗೆ ಬಂದು ಬಾಗಿಲಲ್ಲೇ ನಿಂತ ನೆಂಟರ ಹಾಗೆ ಕೇಳಿಸಿಕೊಂಡರು. ಯಾರೋ ಅವರ ಕೈಗೂ ಒಂದು ಬಟ್ಟಲು ಕೊಟ್ಟರು. ಅವರು ತಿಂದರು. ನೀರೂ ಕುಡಿದರು.

ಇತ್ತ ಇಲಾಖೆಯಲ್ಲಿ, ವರದಿ ಸಕಾಲಕ್ಕೆ ಬಾರದ ಕಾರಣ, ಸುಣ್ಣ ಬಳಿಯುವ ದಿನವನ್ನು ನಿಗದಿಪಡಿಸಲಾಯಿತು. ಈ ಸುತ್ತೋಲೆಗೆ ಸಹಿ ಮಾಡಿರುವವರೇ (ಇನ್ನು ಮುಂದೆ ‘ಸಹಿದಾರರು’) ಖುದ್ದಾಗಿ ಜೀಪಿನಲ್ಲಿ, ಸುಣ್ಣದ ಡ್ರಮ್ಮು ಮತ್ತು ಬ್ರಷ್ಷಿನವರೊಂದಿಗೆ, ಊಟದ ಹೊತ್ತಿಗೇ ಬಂದಿಳಿದರು. ಬೀದಿಯವರು ಕೂಗಾಡಲಿಲ್ಲ. ಊಟ ನಿಲ್ಲಿಸಿ ನೋಡಿದರು. ಮತ್ತೆ ಏಣಿ ಹತ್ತಿದ್ದ ಚೂರಮ್ಮ ಕರಣೆ ಹಿಡಿದುಕೊಂಡು ಅಲ್ಲಿಯೇ ಉಳಿದರು. ಪರಿವೀಕ್ಷಕರು ಡ್ರಮ್ಮಿಗೂ ಗೋಡೆಗೂ ನಡುವೆ ಬಂದು ನಿಂತರು. ಇಡೀ ಸೇವಾವಧಿಯಲ್ಲಿ ಅವರು ಮೇಲಧಿಕಾರಿಗಳಿಗೆ ‘ಆಗಲಿ ಸಾರ್’ ಎಂಬುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟವರಲ್ಲ.

“ಬಳಿಯೋಕಾಗಲ್ಲ ಸಾರ್.”

“ಯಾಕ್ರೀ ಆಗಲ್ಲ? ಚಿತ್ರಾನೋ ಮೇಜೋ, ಎರಡರಲ್ಲಿ ಒಂದು ಹೇಳಿ ಮುಗಿಸಿ.”

“ಎರಡೂ ಅಲ್ಲ ಸಾರ್. ಮುಗಿಯದ ಕಾಮಗಾರಿ. ಮುಗಿಯದ ಕಾಮಗಾರಿ ಮೇಲೆ ಸುಣ್ಣ ಬಳಿಯೋ ಹಾಗಿಲ್ಲ ಅಂತ ತಾವೇ ಆದೇಶ ಮಾಡಿದೀರಿ.”

ಸಹಿದಾರರು ಅಂಥ ಆದೇಶ ಮಾಡಿದ್ದುದು ನಿಜ. ಪರಿವೀಕ್ಷಕರು ಮೇಜಿನ ತುದಿಯನ್ನು ತೋರಿಸಿದರು. ಅಲ್ಲಿ ಚೂರಮ್ಮ ಆಗಷ್ಟೇ ಗಾರೆ ಕೆತ್ತಿ ಜಾಗ ಮಾಡಿ, ಹೊಸಬಳ ಮನೆಯ ಹಿಡಿಕೆ ಮುರಿದ ಪಿಂಗಾಣಿ ಲೋಟವೊಂದರ ಚೂರುಗಳನ್ನು ಕೂರಿಸಿದ್ದರು. ನಂಬದ ಸಹಿದಾರರು ಸಿಮೆಂಟಿಗೆ ಬೆರಳಿಟ್ಟು ನೋಡಿದರು. ಹಸಿಯಿತ್ತು. ಬೆರಳು ಒಳಗೆ ಹೋಯಿತು.

“ಇದು ಯಾವಾಗ ಮುಗಿಯತ್ತೆ?” ಎಂದು ಕೇಳಲಾಯಿತು.

“ಜನ ಬರೋದು ನಿಂತ್ಮೇಲೆ ಸಾರ್,” ಎಂದರು ಏಣಿಯ ಮೇಲಿದ್ದ ಚೂರಮ್ಮ.

“ಅದು ಯಾವಾಗ ನಿಲ್ಲತ್ತೆ?”

“ನಾನು ಬಂದಾಗಿಂದ ನಿಂತಿಲ್ಲ,” ಎಂದರು ರೊಟ್ಟಿ ತಾತ.

ಸಹಿದಾರರ ಒಂದು ಕೈಗೆ ಸಿಮೆಂಟು ಮೆತ್ತಿಕೊಂಡಿದ್ದರಿಂದ, ಸದರಿ ತಾಯಿ ಇನ್ನೊಂದು ಕೈಗೆ ಬಟ್ಟಲು ಇಟ್ಟರು. ನಂತರ ನಡೆದದ್ದನ್ನು ವಿವರಿಸುವ ಅಗತ್ಯ ಕಂಡುಬರುವುದಿಲ್ಲ. ಬ್ರಷ್ಷಿನವರೂ ಉಂಡರು. ಡ್ರಮ್ಮನ್ನು ವಾಪಸು ಕಳುಹಿಸಲಾಯಿತು.

ಎಲ್ಲ ಅಂಶಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಸದರಿ ಗೋಡೆಯನ್ನು ‘ಮುಗಿಯದ ಕಾಮಗಾರಿ’ ಎಂದು ವರ್ಗೀಕರಿಸಲಾಗಿದೆ. ಅದನ್ನು ಮುಗಿಸಲು ಪ್ರಯತ್ನಿಸುವವರ ವಿರುದ್ಧ ಶಿಸ್ತುಕ್ರಮ ಜರುಗಿಸಲಾಗುವುದು.

2. ಚಿತ್ರದಲ್ಲಿರುವ ಊಟವನ್ನು ತಿನ್ನತಕ್ಕದ್ದಲ್ಲ. ನಿಜವಾದ ಊಟವನ್ನು ಬರೇ ನೋಡುತ್ತ ನಿಲ್ಲತಕ್ಕದ್ದಲ್ಲ. ಯಾವುದು ಯಾವುದೆಂಬ ಗೊಂದಲ ಉಂಟಾದಲ್ಲಿ, ಆವಿ ಬರುತ್ತಿರುವುದೇ ನಿಜವೆಂದು ಪರಿಗಣಿಸತಕ್ಕದ್ದು.

3. ಒಂದೇ ತಿನಿಸಿಗೆ ಹಲವು ಹೆಸರುಗಳಿದ್ದಲ್ಲಿ ಎಲ್ಲವೂ ಅಧಿಕೃತ. ‘ಇದು ಮೊದಲಿಂದ ನಮ್ಮದೇ’ ಎಂಬ ಹೇಳಿಕೆಯನ್ನು ಒಂದು ಊಟಕ್ಕೆ ಒಂದು ಬಾರಿ, ಬಾಯಲ್ಲಿ ತುತ್ತಿಲ್ಲದಿರುವಾಗ ಮಾತ್ರ ನೀಡಬಹುದು.

4. ಅಂಚನ್ನು ಮಡಚಬೇಕೋ ತಿರುಚಬೇಕೋ ಎಂಬುದರ ಬಗ್ಗೆ ಸದರಿ ತಾಯಿ ಮತ್ತು ರೊಟ್ಟಿ ತಾತನವರ ದ್ವಿಸದಸ್ಯ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯು ಪ್ರತಿ ಮಧ್ಯಾಹ್ನ ಸಭೆ ಸೇರಿ, ಎರಡೂ ಬಗೆಯದನ್ನು ಮಾಡಿಸಿ, ಸಾರ್ವಜನಿಕರಿಗೆ ತಿನ್ನಿಸಿ ಅಭಿಪ್ರಾಯ ಸಂಗ್ರಹಿಸತಕ್ಕದ್ದು. ಒಮ್ಮತಕ್ಕೆ ಬಂದಲ್ಲಿ ತಿನ್ನಿಸುವುದು ನಿಂತುಹೋಗುವ ಸಂಭವವಿರುವುದರಿಂದ, ಸಮಿತಿಯು ಯಾವುದೇ ಕಾರಣಕ್ಕೂ ಒಮ್ಮತಕ್ಕೆ ಬರಕೂಡದು.

5. ಬಡಿಸುವಾಗ ಹೇಳುವ ಮೊದಲನೆಯ ‘ಸಾಕು’ ಸಂಕೋಚವೆಂದೂ ಎರಡನೆಯದು ಮರ್ಯಾದೆಯೆಂದೂ ಭಾವಿಸಿ ಸೌಟನ್ನು ಮುಂದುವರಿಸತಕ್ಕದ್ದು. ಮೂರನೆಯದನ್ನು ಪರಿಶೀಲಿಸಲಾಗುವುದು.

6. ಸಿಬ್ಬಂದಿಯು ಊಟಕ್ಕೆ ಬಾಗಿಲಿನಿಂದಲೇ ಹೋಗತಕ್ಕದ್ದು. ಕಿಟಕಿಯಿಂದ ಹೋದವರು ಊಟದ ನಂತರ ಅದೇ ಕಿಟಕಿಯಲ್ಲಿ ಹಿಡಿಸದೆ ಸಿಕ್ಕಿಹಾಕಿಕೊಂಡಿರುವುದು ಗಮನಕ್ಕೆ ಬಂದಿದೆ. ಅಂಥವರ ಹೊರಗಿರುವ ಅರ್ಧವನ್ನು ರಜೆಯೆಂದೂ ಒಳಗಿರುವ ಅರ್ಧವನ್ನು ಹಾಜರಿಯೆಂದೂ ಪರಿಗಣಿಸಲಾಗುವುದು.

7. ಕ್ಯಾಂಟೀನ್ ಗುತ್ತಿಗೆದಾರರ ದೂರನ್ನು ಮುಕ್ತಾಯಗೊಳಿಸಲಾಗಿದೆ. ದೂರು ವಿಚಾರಣೆಗೆ ಬಂದಾಗ ಸದರಿಯವರು ಕಟ್ಟೆಯ ಮೇಲೆ ಕುಳಿತು ಬಟ್ಟಲು ನೆಕ್ಕುತ್ತಿದ್ದರು.

8. ಇಲಾಖೆಗೆ ತಿಳಿಯದ ಭಾಷೆಗಳಲ್ಲಿ ಬೈಯಲು ಅನುಮತಿ ನೀಡಲಾಗಿದೆ. ತಿಳಿದವರು ಯಾರಾದರೂ ಸುತ್ತಮುತ್ತ ಇರಬಹುದೆಂಬ ಸದುದ್ದೇಶದಿಂದ ಸ್ವಲ್ಪ ಗಟ್ಟಿಯಾಗಿ ಬೈಯತಕ್ಕದ್ದು.

9. ಕಾಗೆಗಳಿಗೆ ಈ ಸುತ್ತೋಲೆಯನ್ನು ಜಾರಿ ಮಾಡಲು ಸಾಧ್ಯವಾಗಿಲ್ಲವಾದ್ದರಿಂದ ಅವುಗಳ ಮೇಲೆ ಕ್ರಮವಿಲ್ಲ. ನೋಟೀಸು ಅಂಟಿಸಲು ಹೋದ ಜವಾನನ ಕೈಯಿಂದ ರೊಟ್ಟಿಯನ್ನು ಸ್ವೀಕರಿಸಿರುವ ಅವು, ನೋಟೀಸನ್ನು ನಿರಾಕರಿಸಿವೆ.

10. ಹಿರಿಯ ಪರಿವೀಕ್ಷಕರು ಪ್ರತಿದಿನ ಮಧ್ಯಾಹ್ನ ಸ್ಥಳ ತನಿಖೆಗೆ ಹೋಗತಕ್ಕದ್ದು. ಲಿಖಿತ ವರದಿ ಬೇಕಿಲ್ಲ. ಟೇಪನ್ನು ಸಾರಿನ ಆಳ ನೋಡಲು ಬಳಸಕೂಡದು.

11. ಗೋಡೆಯ ಮೇಲಿರುವ ಬೆರಳಿನ ಗುರುತು ಅಧಿಕೃತವಾದದ್ದು. ಅದರೊಳಗೆ ಬೆರಳಿಟ್ಟು ನೋಡಿ ಅಳತೆ ಸರಿಹೋಗುತ್ತದೆಂದು ಹೇಳಿಕೊಳ್ಳುವುದನ್ನು ನಿಷೇಧಿಸಲಾಗಿದೆ.

ಈ ಸುತ್ತೋಲೆಯು ಬಿಸಿ ಆರುವ ಮೊದಲೇ ಜಾರಿಗೆ ಬರತಕ್ಕದ್ದು.

ಸಹಿ/-
ಉಪನಿರ್ದೇಶಕರು
ಗೋಡೆ ವಿಭಾಗ, ಹೊರಮೈ ಶಾಖೆ
(ಬಲಗೈ ತೋರುಬೆರಳಿನಲ್ಲಿ ಸಿಮೆಂಟು ಇನ್ನೂ ಪೂರ್ತಿ ಹೋಗದಿರುವುದರಿಂದ ಎಡಗೈಯಲ್ಲಿ ಸಹಿ ಮಾಡಲಾಗಿದೆ)

ಪ್ರತಿ:
1. ಚೂರಮ್ಮನವರಿಗೆ, ಟೈಲ್ಸ್ ಖರೀದಿಯ ಕಡತ ಮುಂದಿನ ಮೇಜಿಗೆ ಹೋಗಿದೆ ಎಂಬ ಸಂತೋಷದ ಸುದ್ದಿಯೊಂದಿಗೆ.
2. ಕ್ಯಾಂಟೀನ್ ಗುತ್ತಿಗೆದಾರರಿಗೆ, ಕಟ್ಟೆಯ ವಿಳಾಸಕ್ಕೆ.
3. ರೊಟ್ಟಿ ತಾತನವರಿಗೆ, ಉಪ್ಪಿನ ಬಗ್ಗೆ ಮರುಪರಿಶೀಲಿಸುವ ಕೋರಿಕೆಯೊಂದಿಗೆ.
4. ಬೀದಿಯ ಸಮಸ್ತರಿಗೆ, ಗಟ್ಟಿಯಾಗಿ ಓದಿ ಹೇಳುವುದು.
5. ಕಚೇರಿ ಪ್ರತಿ (ಎಣ್ಣೆ ಅಂಟಿದೆ).
6. ರಸ್ತೆ ದಾಟಿ ಬಂದ ಹೆಣ್ಣುಮಗಳಿಗೆ, ಅವರ ಭಾಷೆಯಲ್ಲಿ. ಅನುವಾದದ ಹೊಣೆಯನ್ನು ಹಿರಿಯ ಪರಿವೀಕ್ಷಕರಿಗೆ ವಹಿಸಲಾಗಿದೆ. ಅವರು ಸದರಿ ಭಾಷೆಯನ್ನು ಸದರಿ ತಾಯಿಯವರ ಬಳಿ ಈಗಷ್ಟೇ ಕಲಿಯುತ್ತಿದ್ದು, ತಪ್ಪಿದಾಗಲೆಲ್ಲ ತಲೆಗೆ ಮೊಟಕಿಸಿಕೊಳ್ಳುತ್ತಿರುವುದರಿಂದ, ಪ್ರತಿ ತಲುಪುವುದು ತಡವಾಗಬಹುದು. ಅಲ್ಲಿಯವರೆಗೆ ಊಟಕ್ಕೆ ಬರತಕ್ಕದ್ದು.